ಪದ್ಮಿನಿಯ ಬಾಗಿಲು

ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ 2023ರ ಅಕ್ಟೋಬರ್‌ನಲ್ಲಿ ಮುಂಬಯಿಯ ಟ್ಯಾಕ್ಸಿ ಸ್ಟ್ಯಾಂಡುಗಳಿಂದ ಕೊನೆಗೂ ಮರೆಯಾಯಿತು. ಈಗ ಉಳಿದಿರುವವು ಮನೆಯವರ ಗಾಡಿಗಳು: ಅಪ್ಪನದು, ಮಾವನದು, ಮಾರಲು ಮನಸ್ಸು ಬಾರದೆ ಬಿಲ್ಡಿಂಗಿನ ಮೂಲೆಯಲ್ಲಿ ಹೊದಿಕೆ ಹೊದ್ದು ನಿಂತವು. ಅವನ್ನು ಮತ್ತೆ ರಸ್ತೆಗಿಳಿಸಲು ಹೊರಟವರನ್ನು ಎಂಜಿನ್‌ಗಿಂತ ಹೆಚ್ಚು ಕಾಡುವುದು ಬಾಗಿಲು.

ಡೊಂಬಿವಲಿಯ ಒಂದು ಮನೆಯ ಪದ್ಮಿನಿಯಲ್ಲಿ ಮುಂದಿನ ಎಡಬಾಗಿಲನ್ನು ತುಸು ಮೇಲೆತ್ತಿಯೇ ಮುಚ್ಚಬೇಕಿತ್ತು. ಉಡುಪಿ ಕಡೆಯಿಂದ ಬಂದು ಹೋಟೆಲು ನಡೆಸಿದ ಯಜಮಾನರು ಹತ್ತಿದವರಿಗೆಲ್ಲ ‘ಎತ್ತಿ ಹಾಕಿ’ ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ, ತಾಯಿಯನ್ನು ಅದೇ ಗಾಡಿಯಲ್ಲಿ ಊರಿಗೆ ಕರೆದೊಯ್ಯಬೇಕೆಂದು ಮಗ ದುರಸ್ತಿಗೆ ಕೈಹಾಕಿದರು. ಮೊದಲು ನೋಡಿದ ಟಿಂಕರ್ ಎರಡೇ ದಿನ ಕೇಳಿದ. ಬಾಗಿಲ ಕೆಳಗೆ ಮರದ ತುಂಡಿಟ್ಟು ಜಾಕ್‌ನಿಂದ ಎತ್ತಿ ಹಿಂಜು ಬಗ್ಗಿಸುವುದು, ತಾಗುವ ಅಂಚನ್ನು ಉಜ್ಜುವುದು, ಉಳಿದ ಸಂದಿಗೆ ಪುಟ್ಟಿ. ದೀಪಾವಳಿಗೆ ಗಾಡಿ ಸಿದ್ಧ.

ಎರಡನೆಯ ಟಿಂಕರ್ ವಯಸ್ಸಾದವರು. ಬಾಗಿಲನ್ನು ಅರ್ಧ ತೆರೆದು ತುದಿ ಹಿಡಿದು ಎತ್ತಿ ನೋಡಿದರು. ಹಿಂಜಿನ ಪಿನ್ ಅಲುಗಲಿಲ್ಲ. ಮುಚ್ಚಿ ನೋಡಿದರೆ ಹಿಂಬದಿಯ ಸಂದು ಮೇಲೆ ಕಿರಿದು, ಕೆಳಗೆ ಅಗಲ. ಬಗ್ಗಿ, ಬಾಗಿಲ ಕೆಳಗಿನ ಹೊಸ್ತಿಲಿಗೆ ಸ್ಕ್ರೂಡ್ರೈವರ್ ಒತ್ತಿದರು. ಅದು ಸಲೀಸಾಗಿ ಒಳಗೆ ಹೋಯಿತು.

ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಮೈಯೇ ಭಾರ ಹೊರಬೇಕು. ಹೊಸ್ತಿಲೇ ಅದರ ತೊಲೆ. ಮಳೆಗಾಲದ ನೀರು, ಕಡಲ ಗಾಳಿ ಅದನ್ನು ತಿಂದಾಗ ಗಾಡಿಯ ನಡು ಕುಸಿಯುತ್ತದೆ, ಬಾಗಿಲ ಚೌಕಟ್ಟು ಓರೆಯಾಗುತ್ತದೆ. ನೋಡುವವರಿಗೆ ಬಾಗಿಲು ಇಳಿದಂತೆ ಕಾಣುತ್ತದೆ. ಹಿಂಜು ಬಗ್ಗಿಸಿದ್ದರೆ ಸಂದು ಸರಿಹೋಗುತ್ತಿತ್ತು, ತುಕ್ಕು ಹಿಡಿದ ಹೊಸ್ತಿಲ ಮೇಲೆಯೇ ತಾಯಿಯೊಡನೆ ಘಟ್ಟ ಇಳಿಯಬೇಕಾಗುತ್ತಿತ್ತು.

ಕೆಲಸ ನಿಧಾನವಾಗಿ ನಡೆಯಿತು. ಗಾಡಿಯನ್ನು ಮಟ್ಟಸವಾಗಿ ನಿಲ್ಲಿಸಿ, ಬಾಗಿಲ ಜಾಗದಲ್ಲಿ ಕಬ್ಬಿಣದ ಪೈಪುಗಳನ್ನು ಅಡ್ಡಡ್ಡ ಬೆಸೆದರು. ಆಧಾರವಿಲ್ಲದೆ ಹೊಸ್ತಿಲು ಕತ್ತರಿಸಿದರೆ ಕುಸಿದದ್ದು ಇನ್ನಷ್ಟು ಕುಸಿಯುತ್ತದೆ. ಎರಡೂ ಬದಿಯ ಚೌಕಟ್ಟುಗಳ ಮೂಲೆಯಿಂದ ಮೂಲೆಗೆ ಅಳೆದು ಹೋಲಿಸಿದರು. ಹೊಸ ತಗಡು ಕೂತು ಗಾಡಿ ತನ್ನ ಚಕ್ರಗಳ ಮೇಲೆ ನಿಂತ ನಂತರವೇ ಬಾಗಿಲುಗಳ ಸರದಿ, ಅದೂ ಹಿಂದಿನಿಂದ. ಹಿಂಬದಿಯ ಮೈ ಬೆಸೆದದ್ದು, ಸರಿಯುವುದಿಲ್ಲ. ಅದಕ್ಕೆ ಹಿಂಬಾಗಿಲು, ಹಿಂಬಾಗಿಲಿಗೆ ಮುಂಬಾಗಿಲು, ಆಮೇಲೆ ಮಡ್‌ಗಾರ್ಡು, ಕೊನೆಗೆ ಬಾನೆಟ್ಟು. ಅಲ್ಲಿಯವರೆಗೆ ಬೀಗ ಕಚ್ಚುವ ಕೊಂಡಿಯನ್ನು ಬಿಚ್ಚಿಟ್ಟಿದ್ದರು. ಅದು ಇದ್ದರೆ ಇಳಿದ ಬಾಗಿಲನ್ನೂ ಎತ್ತಿ ಹಿಡಿದು ದೋಷ ಮುಚ್ಚಿಡುತ್ತದೆ. ಹೊಸ ರಬ್ಬರ್ ಪಟ್ಟಿಯನ್ನು ಬಣ್ಣಕ್ಕೆ ಮೊದಲೇ ಹಾಕಿ ನೋಡಿದರು. ದಪ್ಪ ಹೆಚ್ಚಾದರೆ ಅದೇ ಬಾಗಿಲನ್ನು ಹೊರಗೆ ತಳ್ಳುತ್ತದೆ.

ಸಂದುಗಳೆಲ್ಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರಬೇಕೆಂದು ಮಗನಿಗೆ ಆಸೆ. ಕುರ್ಲಾದಿಂದ ಹೊರಬಂದ ದಿನವೂ ಈ ಗಾಡಿಗಳ ಸಂದು ಹಾಗಿರಲಿಲ್ಲ ಎಂದು ಟಿಂಕರ್ ಅಲ್ಲಿಗೇ ನಿಲ್ಲಿಸಿದರು.

ದೀಪಾವಳಿ ಕಳೆದು, ಸಂಕ್ರಾಂತಿಯೂ ಕಳೆದು ಗಾಡಿ ಮನೆಗೆ ಬಂತು. ನೋಡಲು ಬಂದವರೆಲ್ಲ ಬಣ್ಣ ಹೊಗಳಿದರು. ಹೆಚ್ಚು ಹಣ ನುಂಗಿದ ಹೊಸ್ತಿಲು ಬಣ್ಣದಡಿ ಅಡಗಿತ್ತು. ತಾಯಿ ಹತ್ತಿ ಕೂತು, ಅಭ್ಯಾಸಬಲದಿಂದ ಬಾಗಿಲನ್ನು ಎತ್ತಲು ಹೋದರು. ಅದಾಗಲೇ ಮುಚ್ಚಿಕೊಂಡಿತ್ತು.