ವಿಮಾನಪುರದಲ್ಲಿ ಕಲಿತ ಪಾಠ

ಹಲಸೂರನ್ನು ದಾಟಿ ಪೂರ್ವಕ್ಕೆ ಸಾಗಿದರೆ ವಿಮಾನಪುರ ಸಿಗುತ್ತದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಆರಂಭಿಸಿದ ವಿಮಾನ ಕಾರ್ಖಾನೆಯ ನೆರೆಯಲ್ಲಿ ಬೆಳೆದ ಊರಿದು. ಇಲ್ಲಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ನಾವು ಕುಟುಂಬ ಸಮೇತರಾಗಿ ಹೋಗಿದ್ದೆವು.

1961ರಲ್ಲಿ ಮೊದಲ ಬಾರಿಗೆ ಹಾರಿದ 'ಮಾರುತ್' ಯುದ್ಧವಿಮಾನದ ಮುಂದೆ ನಿಂತು ಮೊಮ್ಮಗ, "ಅಜ್ಜಾ, ಇದನ್ನು ಶೆಡ್ಡಿನಿಂದ ಹೊರಗೆ ಹೇಗೆ ತರುತ್ತಾರೆ?" ಎಂದು ಕೇಳಿದನು. ಟ್ರ್ಯಾಕ್ಟರಿನಿಂದ ಎಳೆದು ತರುತ್ತಾರೆ. ಆದರೆ ಎಳೆಯುವಾಗ ವಿಮಾನದೊಳಗೂ ಒಬ್ಬರು ಕುಳಿತಿರುವುದು ವಾಡಿಕೆ. ಜೋಡಿಸಿದ ದಂಡ ಕಳಚಿದರೆ ಬ್ರೇಕ್ ಒತ್ತುವ ಹೊಣೆ ಅವರದು.

ಅಮೆರಿಕದಲ್ಲಿ ಮನೆಯಂತಹ ದೊಡ್ಡ ವಾಹನದ ಹಿಂದೆ ಕಾರನ್ನು ಕಟ್ಟಿಕೊಂಡು ಪ್ರವಾಸ ಹೋಗುವವರಿದ್ದಾರೆ. ಆ ಕಾರಿನ ಬ್ರೇಕಿಗೆ ಒಂದು ಉಪಕರಣವನ್ನು ಅಳವಡಿಸುತ್ತಾರೆ. ಮುಂದಿನ ವಾಹನ ವೇಗ ತಗ್ಗಿಸಿದೊಡನೆ ಅದು ಕಾರಿನ ಬ್ರೇಕನ್ನೂ ಒತ್ತುತ್ತದೆ. ಕೊಂಡಿ ಕಳಚಿದರೆ ಕಾರನ್ನು ತಾನೇ ನಿಲ್ಲಿಸುವ ಏರ್ಪಾಡೂ ಉಂಟು.

ಇದನ್ನು ವಿವರಿಸುತ್ತಿರುವಾಗ ನನಗೆ ನಮ್ಮೂರಿನ ಕಬ್ಬಿನ ಹಂಗಾಮು ನೆನಪಾಯಿತು. ಒಂದೇ ಟ್ರ್ಯಾಕ್ಟರಿಗೆ ಎರಡು ಟ್ರೇಲರು. ಅನೇಕ ಟ್ರೇಲರುಗಳಿಗೆ ಬ್ರೇಕೇ ಇಲ್ಲ. ಇಳಿಜಾರಿನಲ್ಲಿ ಹಿಂದಿನ ಭಾರವೆಲ್ಲ ಮುಂದಕ್ಕೆ ತಳ್ಳುತ್ತದೆ. ಟ್ರ್ಯಾಕ್ಟರು ಓರೆಯಾಗಿ ಮಗುಚಿಕೊಳ್ಳುತ್ತದೆ. ನನ್ನ ತಮ್ಮನು ಒಂದು ಕಾಲನ್ನು ಕಳೆದುಕೊಂಡದ್ದು ಹಾಗೆಯೇ. ಅಂದು ನಾವು ವಿಧಿಯನ್ನು ದೂರಿದೆವು, ಬ್ರೇಕಿನ ಮಾತನ್ನೇ ಎತ್ತಲಿಲ್ಲ.

ಎಳೆಯುವ ಶಕ್ತಿ ಒಂದಕ್ಕಿದ್ದರೆ ಸಾಕು. ನಿಲ್ಲುವ ಶಕ್ತಿ ಪ್ರತಿಯೊಂದಕ್ಕೂ ಬೇಕು. ಊರಿಗೆ ಮರಳಿದವನೇ ನಮ್ಮ ಟ್ರೇಲರುಗಳಿಗೆ ಬ್ರೇಕ್ ಹಾಕಿಸಿದೆನು. ಒಕ್ಕಲುತನದ ಬಂಧುಗಳು ಈ ಹಂಗಾಮಿಗೆ ಮುನ್ನ ತಮ್ಮ ಟ್ರೇಲರನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಬೇಕೆಂದು ವಿನಂತಿ.