ಕಾಳಿಯ ಅಳಿವೆಯಿಂದ ಒಬ್ಬನೇ

ಅಂಕೋಲೆಯಿಂದ ಕಾರವಾರಕ್ಕೆ 35 ಕಿಲೋಮೀಟರಿನಷ್ಟು ದಾರಿ. ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಈ ದಾರಿಯನ್ನು ನೂರಾರು ಸಲ ಸವೆಸಿದ್ದೇನೆ. ಪರೀಕ್ಷೆಯ ಕೆಲಸ, ತರಬೇತಿ, ಕಚೇರಿಯ ಕಾಗದಪತ್ರ, ಒಮ್ಮೊಮ್ಮೆ ಮಕ್ಕಳ ಶೈಕ್ಷಣಿಕ ಪ್ರವಾಸ. ಆದರೆ ಕಾರವಾರವನ್ನು ನೋಡಲೆಂದೇ ಒಬ್ಬನೇ ಕಾಲ್ನಡಿಗೆಯಲ್ಲಿ ತಿರುಗಿದ್ದು ಹೋದ ಡಿಸೆಂಬರಿನ ಒಂದು ಭಾನುವಾರ ಮಾತ್ರ. ಅದಕ್ಕೂ ಕಾರಣ ನಾನಲ್ಲ, ನನ್ನ ಮಗಳು.

ಅವಳು ಓದಿಗೆಂದು ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿದ್ದಾಳೆ. ಏಳು ಗುಡ್ಡಗಳ ಊರು ಅದು. ರಜೆಯ ದಿನ ಚೀಲ ಹೆಗಲಿಗೇರಿಸಿ ಒಬ್ಬಳೇ ಹೊರಡುತ್ತಾಳೆ. ಆಲ್ಫಾಮಾ ಎಂಬ ಹಳೆಯ ಕೇರಿಯ ಮೆಟ್ಟಿಲೋಣಿಗಳಲ್ಲಿ ದಾರಿ ತಪ್ಪುತ್ತಾಳೆ, ಹಳದಿ ಟ್ರಾಮಿನ ಹಳಿ ಹಿಡಿದು ಕೆಳಗಿಳಿಯುತ್ತಾಳೆ, ಟೇಗಸ್ ನದಿಯ ದಂಡೆಯಲ್ಲಿ ಕುಳಿತು ಫೋನು ಮಾಡುತ್ತಾಳೆ. 1497ರಲ್ಲಿ ವಾಸ್ಕೋ ಡ ಗಾಮ ಹಡಗು ಬಿಟ್ಟದ್ದು ಅದೇ ನದಿಯಿಂದ; ಮರುವರ್ಷ ಊರಿಗೆ ಮರಳುವ ಮುನ್ನ ಆತ ತಂಗಿದ್ದು ನಮ್ಮ ಬಿಣಗಾದ ಎದುರಿನ ಅಂಜದೀವ ದ್ವೀಪದಲ್ಲಿ. ಇದನ್ನು ನಾನು ಪಾಠದ ಧಾಟಿಯಲ್ಲಿ ಶುರುಮಾಡಿದಾಗ ಅವಳು ನಡುವೆ ಬಾಯಿ ಹಾಕಿದಳು.

"ಅಪ್ಪಾ, ಇಲ್ಲಿಗೆ ಬಂದು ವರ್ಷವಾಗಿಲ್ಲ, ಓಣಿ ಓಣಿ ಗೊತ್ತು. ಕಾರವಾರದಲ್ಲಿ ಐದು ವರ್ಷ ಓದಿದೆ. ಬಸ್ ಸ್ಟ್ಯಾಂಡಿನಿಂದ ಕಾಲೇಜು, ಕಾಲೇಜಿನಿಂದ ಬಸ್ ಸ್ಟ್ಯಾಂಡು. ಕಾಳಿ ಸಮುದ್ರ ಸೇರೋ ಜಾಗ ನೋಡಿ ಬರ್ತೇನೆ ಅಂದ್ರೆ ಒಬ್ಬಳೇ ಬೇಡ ಅಂದ್ರಿ. ನೀವಾದ್ರೂ ನೋಡಿದ್ದೀರಾ?"

ನೋಡಿರಲಿಲ್ಲ. ಸೇತುವೆಯ ಮೇಲೆ ಬಸ್ಸಿನ ಕಿಟಕಿಯಿಂದ ನೋಡಿದ್ದು ಲೆಕ್ಕಕ್ಕಿಲ್ಲವಲ್ಲ.

ವಿಜ್ಞಾನದ ಮಾಸ್ತರನಾದ್ದರಿಂದ ಮುಹೂರ್ತ ನೋಡಲಿಲ್ಲ, ಭರತ-ಇಳಿತದ ಹೊತ್ತು ನೋಡಿಕೊಂಡೆ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಸಂಜೆ ಇಳಿತವಿರುವ ದಿನವಾದರೆ ಗಟ್ಟಿ ಮರಳಿನ ಮೇಲೆ ನಡೆಯಬಹುದು. ಹೀಗಾಗಿ ಮಧ್ಯಾಹ್ನದವರೆಗಿನ ಹೊತ್ತು ಪೇಟೆಯ ಪಾಲಾಯಿತು.

ಭಾನುವಾರ ಕಾರವಾರದ ಸಂತೆ. ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಹೆಂಗಸರು ಸೊಪ್ಪು-ಗೆಣಸು ಹರಡಿಕೊಂಡು ಕೂತಿದ್ದರು. ನಾನು ಕನ್ನಡದಲ್ಲಿ ಕೇಳಿದರೆ ಪಕ್ಕದ ಅಂಗಡಿಯವ ಕೊಂಕಣಿಯಲ್ಲಿ ದರ ಹೇಳಿದ, ನೌಕಾನೆಲೆಯ ಕಡೆಯವರಂತೆ ಕಂಡ ದಂಪತಿ ಹಿಂದಿಯಲ್ಲಿ ಚೌಕಾಸಿ ಮಾಡಿದರು. ವ್ಯಾಪಾರ ಮಾತ್ರ ಎಲ್ಲೂ ನಿಲ್ಲಲಿಲ್ಲ. ಒಂಟಿಯಾಗಿ ಅಲೆಯುವುದು ಎಷ್ಟು ಕಷ್ಟವೆಂದು ತಿಳಿದದ್ದೂ ಇಲ್ಲೇ. ನೂರು ಹೆಜ್ಜೆಗೊಬ್ಬ ಹಳೆಯ ವಿದ್ಯಾರ್ಥಿ. "ಸರ್, ಗಾಡಿ ತಂದಿಲ್ವಾ? ಬನ್ನಿ, ಬಿಡ್ತೇನೆ." ನಡೆಯಲೆಂದೇ ಬಂದದ್ದು ಮಾರಾಯ ಎಂದರೆ, ತಗ್ಗಿದ ದನಿಯಲ್ಲಿ, "ಸಕ್ಕರೆ ಕಾಯಿಲೆಯಾ ಸರ್?"

ಕೋಡಿಬಾಗ ತಲುಪಿದಾಗ ಬಿಸಿಲು ಇಳಿದಿತ್ತು. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿದ ಕಾಳಿ 184 ಕಿಲೋಮೀಟರು ಹರಿದು, ನಡುವೆ ಅಣೆಕಟ್ಟುಗಳನ್ನು ದಾಟಿ, ಇಲ್ಲಿ ಅವಸರವೇ ಇಲ್ಲದವಳಂತೆ ಅಗಲವಾಗುತ್ತಾಳೆ. ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ಸುಮಾರು 40 ವರ್ಷ ಹಳೆಯದಾದ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದದ್ದು ಇಲ್ಲಿಯೇ. ಜೊತೆಗೆ ಹೊಳೆಗೆ ಬಿದ್ದ ಲಾರಿಯ ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಉಳಿಸಿದರು. ಆ ಸೇತುವೆಯ ಮೇಲೆ ಎಷ್ಟು ಸಲ ಬಸ್ಸು ತುಂಬ ಮಕ್ಕಳನ್ನು ಗೋವೆಗೆ ಕರೆದೊಯ್ದಿದ್ದೇನೋ! ಆಗೆಲ್ಲ ಕಿಟಕಿಯಿಂದ ಕೈ ಹೊರಗೆ ಹಾಕಬೇಡಿ ಎಂದು ಗದರುತ್ತಿದ್ದೆನೇ ಹೊರತು ಸೇತುವೆಯ ಬಗ್ಗೆ ನನಗೆ ಒಂದು ಕ್ಷಣವೂ ಭಯವಾದದ್ದಿಲ್ಲ. ಪಾಲಕರ ಭಯಕ್ಕೆ ಸರಿಯಾದ ಜಾಗ ಗೊತ್ತಿರುವುದಿಲ್ಲ.

ಅಳಿವೆಯಿಂದ ಪೇಟೆಯ ಕಡೆಗೆ ಮರಳ ಮೇಲೆ ಹೊರಟೆ. ಇದು ಹೊಸ ದಾರಿಯೇನಲ್ಲ. 1880ರ ದಶಕದ ಮೊದಲ ವರ್ಷಗಳಲ್ಲಿ ಸತ್ಯೇಂದ್ರನಾಥ ಠಾಕೂರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರ ಮನೆಗೆ ಬಂದಿದ್ದ ತಮ್ಮ ರವೀಂದ್ರನಾಥರಿಗೆ ಆಗ ಇಪ್ಪತ್ತೆರಡರ ಆಸುಪಾಸು. ಒಂದು ಬೆಳುದಿಂಗಳ ರಾತ್ರಿ ಮನೆಯವರೊಂದಿಗೆ ದೋಣಿಯಲ್ಲಿ ಕಾಳಿಯ ಮೇಲ್ಗಡೆ ಹೋಗಿ, ಕೋಟೆಯ ಬಳಿ ರೈತನೊಬ್ಬನ ಗುಡಿಸಿದ ಅಂಗಳದಲ್ಲಿ ಊಟ ಮಾಡಿ, ಮರಳುವಾಗ ಅಳಿವೆಯಲ್ಲೇ ಇಳಿದು ಮರಳಿನ ಮೇಲೆ ಮನೆಗೆ ನಡೆದು ಬಂದರೆಂದು ಅವರೇ ನೆನಪಿಸಿಕೊಂಡಿದ್ದಾರೆ. ಈಗ ಕಡಲತೀರಕ್ಕೆ ಅವರದೇ ಹೆಸರು.

ನಡೆಯುತ್ತ ಒಂದು ಸಂಗತಿ ಕಣ್ಣಿಗೆ ಬಿತ್ತು. ಒದ್ದೆ ಮರಳಿನಲ್ಲಿ ಕಾಲಿಟ್ಟರೆ ಪಾದದ ಸುತ್ತ ಮರಳು ಕ್ಷಣಕಾಲ ಒಣಗಿ ಬೆಳ್ಳಗಾಗುತ್ತದೆ. ಒತ್ತಿದರೆ ನೀರು ಹೊರಬರಬೇಕಲ್ಲವೇ? ಇಲ್ಲಿ ತದ್ವಿರುದ್ಧ. ಒತ್ತೊತ್ತಾಗಿ ಕೂತ ಮರಳಿನ ಕಣಗಳು ತುಳಿತಕ್ಕೆ ಒಂದರ ಮೇಲೊಂದು ಜರುಗಿ ಅಗಲುತ್ತವೆ; ಸಂದುಗಳು ಹಿಗ್ಗಿ, ಮೇಲಿನ ನೀರು ಒಳಗಿಳಿಯುತ್ತದೆ. ಇದನ್ನು 1885ರಲ್ಲಿ ವಿವರಿಸಿದವರು ಆಸ್ಬೋರ್ನ್ ರೆನಾಲ್ಡ್ಸ್. ಓದಿ ಗೊತ್ತಿತ್ತು, ನೋಡಿರಲಿಲ್ಲ. ಇದೇ ತೀರಕ್ಕೆ ಎಷ್ಟೋ ತಂಡ ಮಕ್ಕಳನ್ನು ಕರೆತಂದವನು ನಾನು. ನನ್ನ ಕಣ್ಣು ಯಾವಾಗಲೂ ತಲೆ ಎಣಿಸುವುದರಲ್ಲೇ ಇರುತ್ತಿತ್ತು. ಪಾದ ನೋಡುವ ಪುರಸೊತ್ತು ಅವರಿಗೂ ಕೊಡಲಿಲ್ಲ.

ಅರ್ಧ ದಾರಿಯಲ್ಲಿ ಚಪ್ಪಲಿಯ ಉಂಗುಷ್ಠ ಕಿತ್ತಿತು. ಕೈಯಲ್ಲಿ ಹಿಡಿದು ನಡೆದೆ. ಬಲೆ ಸರಿಪಡಿಸುತ್ತಿದ್ದವನೊಬ್ಬ, ಏನಾದರೂ ಕಳಕೊಂಡಿರಾ ಎಂದು ವಿಚಾರಿಸಿದ.

ಅಷ್ಟು ದೂರದಲ್ಲಿ ಒಂಟಿಯಾಗಿ ಕಂಡ ಹೆಂಗಸರೆಂದರೆ ಬುಟ್ಟಿ ಹೊತ್ತ ಮೀನುಗಾರ್ತಿಯರು ಮಾತ್ರ. ಎಲ್ಲಿಗೆ ಎಂದು ಅವರನ್ನು ಯಾರೂ ಕೇಳಲಿಲ್ಲ. ಚಪಲ್ ಯುದ್ಧನೌಕೆಯ ಸಂಗ್ರಹಾಲಯ ಹತ್ತಿರವಾದಂತೆ ಜನ ಹೆಚ್ಚಿದರು. ಹುಡುಗರು ಒಬ್ಬೊಬ್ಬರೇ ಕಡಲು ನೋಡುತ್ತ ಕೂತಿದ್ದರು. ಹುಡುಗಿಯರು ಗುಂಪಿನಲ್ಲಿ, ಗಡಿಯಾರ ನೋಡಿಕೊಳ್ಳುತ್ತ. ನನಗೆ ಮಗನಿದ್ದು ಅಳಿವೆ ನೋಡಲು ಹೋಗುತ್ತೇನೆಂದಿದ್ದರೆ ಬೇಡ ಎನ್ನುತ್ತಿದ್ದೆನೇ? ಹತ್ತು ಹೆಜ್ಜೆ ಯೋಚಿಸಬೇಕಾಗಲಿಲ್ಲ. ಬಂದ ಉತ್ತರ ನನಗೇ ಹಿಡಿಸಲಿಲ್ಲ.

ರಾತ್ರಿ ಅಂಕೋಲೆಯ ಬಸ್ಸಿನಿಂದ ಅವಳಿಗೆ ಫೋನು ಮಾಡಿದೆ. ಬೆಳ್ಳಗಾಗುವ ಮರಳಿನ ಕಥೆ ಪೂರ್ತಿ ಕೇಳಿದಳು. ಮೇ ತಿಂಗಳಲ್ಲಿ ಬರುತ್ತಾಳಂತೆ, ಬಂದವಳೇ ಅಳಿವೆಗೆ ಹೋಗುತ್ತಾಳಂತೆ. ನಾನೂ ಬರಲೇ ಎಂದೆ.

"ಬೇಡ ಅಪ್ಪಾ, ಒಬ್ಬಳೇ."

ಆಗಲಿ ಎಂದೆ. ಆ ವಾರದ ಇಳಿತದ ಹೊತ್ತನ್ನು ಬರೆದು ಕಳಿಸುತ್ತೇನೆ ಎಂದೂ ಹೇಳಿದೆ.