ಗೋಡೆಯ ಬಾಯಿ

ಗೋಡೆಗೂ ಕಿವಿಯುಂಟು ಎಂದು ಎಚ್ಚರಿಸಿದ ಹಿರಿಯರು ಅದಕ್ಕೊಂದು ಬಾಯಿಯೂ ಉಂಟೆಂಬುದನ್ನು ಯಾಕೋ ಹೇಳದೆ ಹೋದರು. ಸಾಮಾನು ಬಂದಿಳಿಯುವ ಮುನ್ನ ಖಾಲಿ ಮನೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಎದುರುಬದುರಿನ ಬೋಳುಗೋಡೆಗಳು ಆ ಒಂದೇ ತಟ್ಟನ್ನು ಎಸೆದಾಡಿ ಹಿಡಿದಾಡಿ ‘ಝಿರ್ರ್’ ಎನ್ನಿಸುತ್ತವೆ. ಬಾಡಿಗೆ ಮನೆ ನೋಡಲು ಹೋದವರು ನೀರು ವಿಚಾರಿಸುತ್ತಾರೆ, ವಾಸ್ತು ವಿಚಾರಿಸುತ್ತಾರೆ. ನಾನು ಚಪ್ಪಾಳೆ ತಟ್ಟುತ್ತೇನೆ. ಮನೆಯೊಡೆಯರು ನನ್ನನ್ನು ಭಜನಾ ಮಂಡಳಿಯವನೆಂದು ತಿಳಿದು ಮುಂಗಡ ಹೆಚ್ಚಿಸಿದರೆ ಅವರನ್ನು ದೂರಲಾರೆ.

ಹೈ-ಫೈ ಹುಚ್ಚಿನವರು ಸ್ಪೀಕರಿಗೆ, ಆಂಪ್ಲಿಫೈಯರಿಗೆ, ಹೆಬ್ಬೆರಳು ಗಾತ್ರದ ಕೇಬಲ್ಲಿಗೆ ದುಡ್ಡು ಸುರಿಯುತ್ತಾರೆ. ಕಿವಿಗೆ ಬೀಳುವ ಸದ್ದಿನ ಬಹುಪಾಲು ಮಾತ್ರ ಗೋಡೆ, ಚಾವಣಿ, ನೆಲಗಳನ್ನೆಲ್ಲ ಮಾತಾಡಿಸಿಕೊಂಡೇ ಬರುತ್ತದೆ. ಕೋಣೆಗೆ ತನ್ನದೇ ಶ್ರುತಿಯೂ ಇದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುವುದರಿಂದ, 4 ಮೀಟರ್ ಉದ್ದದ ಕೋಣೆಯಲ್ಲಿ 43 ಹರ್ಟ್ಸ್ ಆಸುಪಾಸಿನ ಸ್ವರದ ಅರ್ಧ ಅಲೆ ಗೋಡೆಯಿಂದ ಗೋಡೆಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಬೇಸ್ ಗಿಟಾರಿನ ದಪ್ಪ ತಂತಿಯ ಸ್ವರ 41 ಹರ್ಟ್ಸ್. ಇಳಯರಾಜರ ಹಾಡಿನಲ್ಲಿ ಆ ಗಿಟಾರು ಕೆಳಸ್ತರಕ್ಕೆ ಇಳಿಯಿತೋ, ಕೋಣೆಯೂ ಕರೆಯದೆ ಬಂದು ದನಿಗೂಡಿಸುತ್ತದೆ. ಗೋಡೆಗೊರಗಿ ಕೂತವನಿಗೆ ಮೂಲೆಗುಮ್ಮನ ‘ಗುಮ್ಮ್’. ನಟ್ಟನಡುವೆ ಕುರ್ಚಿ ಹಾಕಿದವನಿಗೆ ಅದೇ ಸ್ವರ ನಾಪತ್ತೆ. ಒಂದೇ ಹಾಡು ಕೇಳಿದ ಇಬ್ಬರು ಬೇಸ್ ಇತ್ತು, ಇರಲಿಲ್ಲ ಎಂದು ಜಗಳವಾಡಿದರೆ ಇಬ್ಬರೂ ಸತ್ಯವಂತರೇ.

ಈ ಜಗಳ ಬಗೆಹರಿಸಲು ಅಳತೆಗಾರಿಕೆ ಬಂದಿದೆ. ಕೂರುವ ಜಾಗದಲ್ಲಿ ಕಿವಿಯೆತ್ತರಕ್ಕೆ ಮೈಕು ನಿಲ್ಲಿಸಿ, ರೂಮ್ ಇಕ್ಯೂ ವಿಝರ್ಡ್ ಎಂಬ ಪುಕ್ಕಟೆ ತಂತ್ರಾಂಶಕ್ಕೆ ಅಪ್ಪಣೆ ಕೊಟ್ಟರೆ, ಸ್ಪೀಕರು 20 ಹರ್ಟ್ಸಿನಿಂದ 20,000ದವರೆಗೆ ಒಂದೇ ಉಸಿರಿನಲ್ಲಿ ಮೀಟುತ್ತ ಏರುತ್ತದೆ. ಮೊದಲು ಹೊಟ್ಟೆಯಲ್ಲೊಂದು ಗುರುಗುರು. ಆಮೇಲೆ ಕಿಟಕಿಯ ಗಾಜು ತಾಳ ಹಾಕುತ್ತದೆ. ಅಡುಗೆಮನೆಯ ಸ್ಟೀಲ್ ಲೋಟಗಳಿಗೂ ತಮ್ಮ ಸರದಿ ಬಂತೆಂಬ ಸಂಭ್ರಮ. ಕೊನೆಗೆ ದನಿ ಕಿವಿಯ ಸರಹದ್ದು ದಾಟಿ ಹೋಗುತ್ತದೆ. ನನ್ನ ವಯಸ್ಸಿನವರ ಕಿವಿ ಕೊನೆಯ ನಿಲ್ದಾಣಕ್ಕಿಂತ ಮೊದಲೇ ಇಳಿದುಬಿಡುತ್ತದೆಯಾದ್ದರಿಂದ, ಮೇಲಿನ ಅಷ್ಟು ಹರ್ಟ್ಸುಗಳನ್ನು ನಾನು ಸರಿಪಡಿಸುವುದು ಬೀದಿನಾಯಿಗಳ ಹಿತಕ್ಕಾಗಿ.

ಅಳತೆಯ ಈ ಗೀಳಿಗೆ ಮೂಲಪುರುಷನೊಬ್ಬನಿದ್ದಾನೆ. 1895ರಲ್ಲಿ ಹಾರ್ವರ್ಡಿನ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಸಭಾಂಗಣದಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಗಾಳಿಯಲ್ಲೇ ಸುಳಿದಾಡುತ್ತಿತ್ತು. ಹಿಂದಿನ ಪದವಿನ್ನೂ ಸಾಯದಿರುವಾಗ ಮುಂದಿನದು ಬಂದು ತುಳಿಯುತ್ತಿತ್ತು. ಸರಿಪಡಿಸುವ ಕೆಲಸ ವ್ಯಾಲೇಸ್ ಸೇಬಿನ್ ಎಂಬ ತರುಣ ಭೌತವಿಜ್ಞಾನಿಯ ಪಾಲಿಗೆ ಬಿತ್ತು. ಊರು ಮಲಗಿದ ಮೇಲೆ ಆತ ಹಾರ್ವರ್ಡಿನದೇ ಆದ ಸ್ಯಾಂಡರ್ಸ್ ಥಿಯೇಟರಿನ ಮೆತ್ತೆಗಳನ್ನು ಹೊರಿಸಿ ತಂದು ಹಾಸುವುದು, ಆರ್ಗನ್ನಿನ ಕೊಳವೆ ಊದಿಸಿ ನಿಲ್ಲಿಸುವುದು, ದನಿ ಕರಗುವ ಹೊತ್ತನ್ನು ಬರೀ ಕಿವಿಯಿಂದ ಅಳೆಯುವುದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂತಿರುಗಿಸುವುದು. ಈ ಮೆತ್ತೆಸೇವೆಯಿಂದ ಹುಟ್ಟಿದ ಸೂತ್ರವೇ 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್‌ಗೆ ನೆರವಾಯಿತು. ಸದ್ದು ಹೀರುವುದಕ್ಕೆ ಆತ ಇಟ್ಟುಕೊಂಡ ಮಾನದಂಡ ನನಗೆ ಇನ್ನೂ ಇಷ್ಟ: ತೆರೆದ ಕಿಟಕಿ. ಅದರಾಚೆ ಹೋದ ಸದ್ದು ವಾಪಸು ಬರುವುದಿಲ್ಲ. ಪೂರ್ತಿ ನೂರು ಅಂಕ.

ಆ ಲೆಕ್ಕ ಹಿಡಿದರೆ ನಮ್ಮ ತೊಟ್ಟಿಮನೆಗಳಿಗೆ ಆಕಾಶದಷ್ಟಗಲದ ಕಿಟಕಿ ಮಲಗಿಕೊಂಡೇ ಇತ್ತು. ಜಗಲಿಯ ಮರ್ಫಿ ರೇಡಿಯೋದ ದನಿ ಕಂಬಗಳನ್ನು ಬಳಸಿ, ಹೆಂಚಿನ ಸಂದುಗಳಲ್ಲಿ ನುಸುಳಿ, ಉಳಿದದ್ದು ನೇರ ಮೋಡಕ್ಕೆ. ಕಾಂಕ್ರೀಟಿನ ಡಬ್ಬಿಗೆ ಬಂದ ಮೇಲೆ ನಾವು ಆ ತೊಟ್ಟಿಯನ್ನು ಕಂತಿನಲ್ಲಿ ಕೊಂಡು ತರಬೇಕಾಗಿದೆ. ಒಬ್ಬರು ಗೋಡೆಗುಂಟ ಕನ್ನಡಿ ಸರಿಸುತ್ತ ಹೋಗುವುದು, ಕುರ್ಚಿಯಲ್ಲಿ ಕೂತವರಿಗೆ ಸ್ಪೀಕರಿನ ಮುಖ ಕಂಡಲ್ಲಿ ದಪ್ಪ ಹಾಸು ತೂಗುಹಾಕುವುದು. ಮೊದಲ ಪ್ರತಿಫಲನದ ಸದ್ದು ಬರುವುದು ಅಲ್ಲಿಂದಲೇ. ಗಾತ್ರ ಹೊಂದದ ಪುಸ್ತಕಗಳ ಕಪಾಟು ದನಿಯನ್ನು ಚದುರಿಸುತ್ತದೆ. ಓದದೆ ಇಟ್ಟ ದಪ್ಪ ಸಂಪುಟಗಳಿಗೂ ಅಂತೂ ಒಂದು ಸಾರ್ಥಕ್ಯ. ತೆಳುಪರದೆ ಮಾತ್ರ ಮೇಲಿನ ಸ್ವರಗಳನ್ನು ನುಂಗಿ ಸುಮ್ಮನಾಗುತ್ತದೆ. 43 ಹರ್ಟ್ಸಿನ ಅಲೆಯ ಉದ್ದ ಸುಮಾರು 8 ಮೀಟರ್, ಅಂಥ ದೇಹಕ್ಕೆ ಪರದೆ ಬಿದ್ದದ್ದೇ ತಿಳಿಯದು. ಅದಕ್ಕೆ ಮೂಲೆಮೂಲೆಯಲ್ಲಿ ದಪ್ಪ ಹಾಸಿಗೆಯ ಸುರುಳಿಗಳು ಬೇಕು. ಹಾಗೆಂದು ಎಲ್ಲಕ್ಕೂ ಮೆತ್ತೆ ಹೊದಿಸಿದರೆ ಹಾಡುಗಾರ ಕಂಬಳಿಯೊಳಗಿಂದ ಹಾಡಿದಂತಾಗುತ್ತದೆ. ಗೋಡೆಯ ಬಾಯಿ ಪೂರಾ ಮುಚ್ಚಬಾರದು. ಮೆಲ್ಲಗೆ ಮಾತಾಡುವುದನ್ನು ಕಲಿಸಬೇಕು.

ಇಷ್ಟೆಲ್ಲ ಮಾಡಿದರೂ ಕೋಣೆ ಹದಕ್ಕೆ ಬರುವುದು ಹಬ್ಬದ ದಿನ. ಸದ್ದು ಹೀರುವುದರಲ್ಲಿ ಮನುಷ್ಯದೇಹ ಬಲು ಧಾರಾಳಿ. ರೇಷ್ಮೆ ಸೀರೆ, ಶಾಲು, ಮಡಿಲ ಮಕ್ಕಳ ಸಮೇತ ನೆಂಟರು ಸಾಲಾಗಿ ಕೂತರೆಂದರೆ ಗೋಡೆಗಳು ಬಾಯಿ ತೆರೆಯಲು ಹೆದರುತ್ತವೆ. ನಾನು ಉತ್ಸಾಹದಿಂದ ಹಾಡು ಹಾಕುತ್ತೇನೆ. ಅಷ್ಟರಲ್ಲಿ ಯಾರೋ, ಒಬ್ಬಟ್ಟು ಚೆನ್ನಾಗಿದೆ, ಆ ಹಾಡನ್ನು ಸ್ವಲ್ಪ ಆರಿಸಪ್ಪ, ಮಾತು ಕೇಳಿಸುತ್ತಿಲ್ಲ ಎನ್ನುತ್ತಾರೆ.